ಕುಂದಾಪುರ ಸೀಮೆಯ ಬಾಲಕರೂ ಪಾನನಿರೋಧವೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ತೆಂಗಿನ ತೋಟಗಳಲ್ಲಿ ಮೂರ್ತೆಯ ಕಸುಬು ಬಹುಕಾಲದಿಂದ ನಡೆದುಬಂದುದು. ಅನೇಕ ಬಿಲ್ಲವ ಕುಟುಂಬಗಳಿಗೆ ಕಳ್ಳಿಳಿಸುವುದೇ ಜೀವನೋಪಾಯವಾಗಿದ್ದಿತು. ಕೆಲವು ದೈವಗಳಿಗೆ ಕಳ್ಳನ್ನು ಅರ್ಪಿಸುವುದುಂಟು. ಕ್ರೈಸ್ತರ ಅಡುಗೆಮನೆಯಲ್ಲಿ ಸಾನ್ನಾಂ ಎಂಬ ಕಡುಬಿನ ಹಿಟ್ಟು ಹುಳಿಬರುವುದಕ್ಕೂ ಅದು ಬೇಕಾಗಿದ್ದಿತು. ಆದಕಾರಣ ಈ ಸೀಮೆಯ ಅನೇಕ ಬಾಲಕರ ಕಣ್ಣಿಗೆ ಮದ್ಯವು ಮೊದಲು ಬಿದ್ದುದು ಗಡಂಗಿನಲ್ಲಲ್ಲ, ಮನೆಯಲ್ಲಿಯೇ.

1886ನೆಯ ಇಸವಿಯ ಮದರಾಸು ಅಬಕಾರಿ ಕಾಯಿದೆಯು ಈ ವ್ಯವಹಾರವನ್ನು ಸರಕಾರದ ಬೊಕ್ಕಸಕ್ಕೆ ಬಿಗಿದು ಕಟ್ಟಿತು. ಕಳ್ಳಿಳಿಸುವ ಮರಕ್ಕೆ ತೆರಿಗೆ, ಮಾರುವ ಗಡಂಗಿಗೆ ಪರವಾನಗಿ ಎಂಬ ಕ್ರಮವು ಬೆಳೆಯಿತು. 1919ರ ಸುಧಾರಣೆಗಳ ತರುವಾಯ ಅಬಕಾರಿಯೂ ವಿದ್ಯಾಭ್ಯಾಸವೂ ಪ್ರಾಂತದ ಮಂತ್ರಿಗಳ ಕೈಗೆ ಬಂದುವು. ತಂದೆಯು ಗಡಂಗಿನಲ್ಲಿ ಕಳೆದ ಹಣವೇ ಮಗನ ಶಾಲೆಗೆ ಆಧಾರವಾಯಿತು. 1934ರಲ್ಲಿ ಕುಂದಾಪುರಕ್ಕೂ ಬಂದಿದ್ದ ಗಾಂಧೀಜಿಯವರು 1937ರಲ್ಲಿ ಈ ವಿಪರ್ಯಾಸವನ್ನು ಬಲವಾಗಿ ಖಂಡಿಸಿದರು. ಆ ವರ್ಷವೇ ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಆರಂಭಿಸಿತು. 1939ರಲ್ಲಿ ಮಾರಾಟ ತೆರಿಗೆಯನ್ನು ವಿಧಿಸಿ ಬೊಕ್ಕಸದ ನಷ್ಟಕ್ಕೆ ದಾರಿ ಕಂಡುಕೊಂಡಿತು. 1948ರ ವೇಳೆಗೆ ದಕ್ಷಿಣ ಕನ್ನಡವೂ ಸೇರಿ ಪ್ರಾಂತವೆಲ್ಲವೂ ನಿರೋಧಕ್ಕೆ ಒಳಪಟ್ಟಿತು.

ಗಡಂಗು ಮುಚ್ಚಿತು, ಮೂರ್ತೆದಾರನ ಅನ್ನವೂ ಹೋಯಿತು. ಆದರೆ ಪ್ರಾಂತದಲ್ಲಿ ಪಾನವು ನಿಲ್ಲದೆ ಕಳ್ಳಭಟ್ಟಿಯ ಮರೆಯನ್ನು ಸೇರಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1960ರ ದಶಕದಲ್ಲಿ ನಿರೋಧವೇ ಸಡಿಲವಾಯಿತು. 2007ರಲ್ಲಿ ಸಾರಾಯಿಯು ನಿಷಿದ್ಧವಾದರೂ ಇತರ ಮದ್ಯದ ಅಂಗಡಿಗಳು ಉಳಿದುವು. ಹೀಗೆ ಕಾಯಿದೆಯು ಅಂಗಡಿಯ ಬಾಗಿಲನ್ನು ತೆರೆಯಿತು, ಮುಚ್ಚಿತು. ಮನೆಯ ಬಾಗಿಲನ್ನು ಮುಟ್ಟಲಾರದಾಯಿತು.

ಹಿರಿಯರು ಇದನ್ನು ಅರಿತಿದ್ದರು. ಸ್ಮೃತಿಕಾರರು ಸುರಾಪಾನವನ್ನು ಮಹಾಪಾತಕವೆಂದುದಲ್ಲದೆ ಅಂಥವರ ಸಂಸರ್ಗವನ್ನೂ ಅದರೊಡನೆ ಎಣಿಸಿದರು. ಕಚದೇವಯಾನಿಯ ಯಕ್ಷಗಾನ ಪ್ರಸಂಗವನ್ನು ಕಂಡವರಿಗೆ ಶುಕ್ರಾಚಾರ್ಯನು ಸುರೆಯೊಡನೆ ಶಿಷ್ಯನ ಭಸ್ಮವನ್ನೇ ಕುಡಿದ ಕಥೆ ಗೊತ್ತುಂಟು. ಕುಡಿದವನು ಗುರು, ಆಪತ್ತು ಶಿಷ್ಯನಿಗೆ; ಆ ಬಳಿಕವೇ ಗುರುವು ಸುರೆಯನ್ನು ಶಪಿಸಿದನು. ಶ್ರೀ ನಾರಾಯಣ ಗುರುಗಳು ಮದ್ಯವನ್ನು ಮಾಡುವುದು, ಕೊಡುವುದು, ಕುಡಿಯುವುದು ಮೂರೂ ಸಲ್ಲವೆಂದು ಬೋಧಿಸಿದರು. ಇವುಗಳಲ್ಲಿ 'ಕೊಡುವುದು' ಎಂಬುದು ಬಾಲಕರ ಮಟ್ಟಿಗೆ ಮುಖ್ಯವಾದುದು.

2015ರ ಬಾಲನ್ಯಾಯ ಕಾಯಿದೆಯ 77ನೆಯ ಪ್ರಕರಣವೂ ಆ ಕೈಯನ್ನೇ ಹಿಡಿಯುತ್ತದೆ. ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯವನ್ನು ಕೊಟ್ಟವನು ಏಳು ವರ್ಷಗಳವರೆಗೆ ಕಠಿನ ಶಿಕ್ಷೆಗೆ ಪಾತ್ರನು, ಬಂಧುವೆಂಬ ವಿನಾಯಿತಿಯಿಲ್ಲ. ಅಂಗಡಿಯನ್ನು ಅಧಿಕಾರಿಗಳು ಕಾಣಬಲ್ಲರು. ಹಬ್ಬದ ದಿನ ಹುಡುಗನ ಮುಂದೆ ಲೋಟವನ್ನು ಚಾಚುವ ಕೈಯನ್ನು ಕಾಣಬಲ್ಲವರು ಮನೆಯವರೇ. ಮರುದಿನ ಅವನ ಮುಖವನ್ನು ಕಂಡು ವಿಚಾರಿಸಬಲ್ಲವರು ಉಪಾಧ್ಯಾಯರು. ಇವರಿಬ್ಬರೂ ಸುಮ್ಮನಿದ್ದರೆ ಯಾವ ಕಾಯಿದೆಯೂ ಆ ಹುಡುಗನವರೆಗೆ ತಲುಪದು.