ಮೋಟಾರಿನ ಬಾಗಿಲಿಗೆ ಬಂದ ಫಲಾಹಾರ

ಪಾಲಾರಿವಟ್ಟದ ಬೈಪಾಸು ಕೂಡುವೆಡೆಯಲ್ಲಿ ನಿಂತು ನೋಡಿದರೆ ಮೋಟಾರುಗಳ ಸಾಲಿಗೆ ಕೊನೆಯೇ ಇಲ್ಲ. ಅವುಗಳಲ್ಲಿ ಹಸಿದು ಕುಳಿತವರು ಎಷ್ಟು ಮಂದಿಯೋ! ಪರಸ್ಥಳದಲ್ಲಿ ನೆಲೆಸಿದ ನಮಗೆ ಆಗ ನೆನಪಾಗುವುದು, ನಮ್ಮಂತೆಯೇ ಪರಸ್ಥಳಕ್ಕೆ ಹೋಗಿ, ಮೋಟಾರಿನಲ್ಲಿ ಕುಳಿತವರ ಬಳಿಗೇ ತಟ್ಟೆ ಕಳುಹಿಸಿದ ನಮ್ಮ ನಾಡಿನವರೊಬ್ಬರ ಸಾಹಸ. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಅದನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಈ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ. 1921ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ 'ಪಿಗ್ ಸ್ಟ್ಯಾಂಡ್' ಎಂಬ ಅಂಗಡಿ ತೆರೆಯಿತು. ಗಿರಾಕಿ ಗಾಡಿಯಿಂದ ಇಳಿಯಬೇಕಾಗಿರಲಿಲ್ಲ. ಹುಡುಗರೇ ಓಡಿಬಂದು ಬೇಕಾದುದನ್ನು ಕೇಳಿ ತಂದುಕೊಡುತ್ತಿದ್ದರು. ಹಂದಿಮಾಂಸದಿಂದ ಮೊದಲಾದ ಈ ಪದ್ಧತಿಯು ಮುಂದೆ ಉಡುಪಿಯ ಇಡ್ಲಿ ದೋಸೆಗಳಿಗೆ ಒಗ್ಗಿದುದು ವಿನೋದವಲ್ಲವೇ?

ಒಗ್ಗಿಸಿದವರು ದಕ್ಷಿಣ ಕನ್ನಡದ ಕಡಂದಲೆಯ ಕೃಷ್ಣರಾಯರು. ಅಡುಗೆಮನೆಯ ಸಣ್ಣ ಕೆಲಸಗಳಿಂದ ಮೇಲೆ ಬಂದ ಅವರು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. 1962ರಲ್ಲಿ ಕೆಥೀಡ್ರಲ್ ರಸ್ತೆಯ ತೋಟಗಾರಿಕೆ ಸಂಘದ ಆವರಣದಲ್ಲಿ ಅವರ 'ಡ್ರೈವ್-ಇನ್' ಆರಂಭವಾಯಿತು. ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿದರೆ ಸಾಕು; ಮಾಣಿ ಬಂದು ಬಾಗಿಲಿಗೆ ತಟ್ಟೆ ಸಿಕ್ಕಿಸಿ ಬಿಸಿ ಬಿಸಿ ತಿಂಡಿ, ಕಾಫಿ ಇಡುತ್ತಿದ್ದ. ಬೆಂಗಳೂರಿನ ಏರ್‌ಲೈನ್ಸ್ ಹೋಟೆಲೂ ಮರಗಳ ನೆರಳಿನಲ್ಲಿ ಇದೇ ಕ್ರಮದಿಂದ ಹೆಸರಾಯಿತು.

ಆದರೆ ಇಲ್ಲೊಂದು ವಿಶೇಷವುಂಟು. ಅಮೆರಿಕದವರು ಅವಸರಕ್ಕಾಗಿ ಕಲ್ಪಿಸಿದುದನ್ನು ನಮ್ಮವರು ವಿರಾಮಕ್ಕಾಗಿ ತಿರುಗಿಸಿದರು. ಮೋಟಾರಿಲ್ಲದವರಿಗೂ ಒಳಗೆ ಮೇಜು ಕುರ್ಚಿಗಳಿದ್ದವು. ವಿದ್ಯಾರ್ಥಿಗಳು, ಮಾರಾಟದ ಪ್ರತಿನಿಧಿಗಳು, ಸಿನಿಮಾದವರು ಒಂದೇ ಲೋಟ ಕಾಫಿಯ ಮುಂದೆ ಗಂಟೆಗಟ್ಟಲೆ ಕುಳಿತಿರುತ್ತಿದ್ದರು; ಎದ್ದೇಳಿರೆನ್ನುವವರಿರಲಿಲ್ಲ. ಆ ಸೌಜನ್ಯದಿಂದಲೇ ಹೋಟೆಲು ಆ ಊರಿನದೇ ಆಯಿತು.

ಹೋಟೆಲು ಊರಿನದಾದರೂ ನೆಲ ಹೋಟೆಲಿನದಾಗಲಿಲ್ಲ. ಸರ್ಕಾರವು ಭೂಮಿಯನ್ನು ಮರಳಿ ಪಡೆದುದರಿಂದ 2008ರಲ್ಲಿ ಅದು ಮುಚ್ಚಿತು. 2010ರಲ್ಲಿ ಅದೇ ಸ್ಥಳದಲ್ಲಿ 'ಸೆಮ್ಮೊಳಿ ಪೂಂಗಾ', ಎಂದರೆ ಅಭಿಜಾತ ಭಾಷೆಯ ಉದ್ಯಾನ, ತೆರೆಯಿತು. ತಮಿಳಿನ ಗೌರವಕ್ಕಾಗಿ ಆದ ಆ ಉದ್ಯಾನದ ಬಗ್ಗೆ ನಮಗೆ ಮುನಿಸಿಲ್ಲ. ಹೋಟೆಲು ಮುಚ್ಚಿದ ವರ್ಷದಲ್ಲಿಯೇ, ರಾಜ್ಯೋತ್ಸವದ ಮುನ್ನಾದಿನ, ನಮ್ಮ ಕನ್ನಡಕ್ಕೂ ಅದೇ ಅಭಿಜಾತ ಸ್ಥಾನ ದೊರೆಯಿತಷ್ಟೆ.

ಹೊರನಾಡಿನಲ್ಲಿ ನಮ್ಮ ಕಾಲ ಕೆಳಗಿನ ನೆಲ ಎಂದಿಗೂ ನಮ್ಮದೇ ಎನ್ನುವಂತಿಲ್ಲ. ನಾವು ಬಡಿಸಿದ ಅನ್ನ, ಆಡಿದ ಒಳ್ಳೆಯ ಮಾತು ಮಾತ್ರ ನಮ್ಮ ಹೆಸರಿನಲ್ಲಿ ಉಳಿಯುತ್ತವೆ. ಪಾಲಾರಿವಟ್ಟದಲ್ಲಿರುವ ನಾವೂ ಇದನ್ನು ಮರೆಯದಿರೋಣ.