ಬರ್ಕ್ಲಿಯ ಅಪರಾಧಶಾಸ್ತ್ರ ಶಾಲೆ

ಕಳ್ಳನನ್ನು ಹಿಡಿಯುವವನಿಗೆ ರಟ್ಟೆಯ ಬಲವೊಂದಿದ್ದರೆ ಸಾಕು, ವಿದ್ಯೆಯ ಹಂಗೇಕೆ ಎಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, ಪೋಲೀಸಿನವನ ಕೈಹಿಡಿದು ವಿಶ್ವವಿದ್ಯಾನಿಲಯದ ಹೊಸ್ತಿಲನ್ನು ದಾಟಿಸಿದಾತನು ಸ್ವತಃ ಕಾಲೇಜಿನ ಮೆಟ್ಟಿಲನ್ನು ತುಳಿದವನಲ್ಲ. ಕ್ಯಾಲಿಫೋರ್ನಿಯದ ಬರ್ಕ್ಲಿ ಪಟ್ಟಣದಲ್ಲಿ ಅಂಚೆ ಹಂಚುತ್ತಿದ್ದ ಆಗಸ್ಟ್ ವೋಲ್ಮರ್ 1905ರಲ್ಲಿ ಪುರಜನರಿಂದ ಚುನಾಯಿತನಾಗಿ ಮಾರ್ಷಲ್ ಎಂಬ ಪೋಲೀಸ್ ಮುಖ್ಯಸ್ಥನ ಪದವಿಗೇರಿದನು. 1908ರಲ್ಲಿ ತನ್ನ ಪೇದೆಗಳಿಗಾಗಿಯೇ ಶಾಲೆಯೊಂದನ್ನು ತೆರೆದು, ಲಾಠಿ ಹಿಡಿದ ಕೈಗೆ ಪುಸ್ತಕವನ್ನೂ ಕೊಟ್ಟನು. ಆಸ್ಟ್ರಿಯದ ನ್ಯಾಯಾಧಿಕಾರಿ ಹಾನ್ಸ್ ಗ್ರೋಸ್‌ನ ಬರಹಗಳು ಅವನ ಅಚ್ಚುಮೆಚ್ಚಿನ ಓದಾಗಿದ್ದುವು. ಗ್ರೋಸ್‌ನ ಅಪರಾಧಾನ್ವೇಷಣೆಯ ಮಹಾಗ್ರಂಥವು 1906ರಲ್ಲಿ ಇಂಗ್ಲಿಷಿಗೆ ಬಂದದ್ದು ನಮ್ಮ ನೆರೆಯ ಮದರಾಸಿನಲ್ಲಿ, ಅಲ್ಲಿನ ಸರಕಾರೀ ವಕೀಲರಿಬ್ಬರ ಪರಿಶ್ರಮದಿಂದ, ಎಂಬುದನ್ನು ನಾವು ಅಭಿಮಾನದಿಂದಲೇ ನೆನೆಯಬಹುದು.

1916ರಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಅಲೆಗ್ಸಾಂಡರ್ ಕಿಡ್ಡನ ನೆರವಿನಿಂದ ವೋಲ್ಮರನ ಈ ಪಾಠಗಳು ಬರ್ಕ್ಲಿಯಲ್ಲಿನ ವಿಶ್ವವಿದ್ಯಾನಿಲಯದ ಬೇಸಗೆಯ ತರಗತಿಗಳಲ್ಲಿ ಸ್ಥಾನ ಪಡೆದುವು. ಕ್ರಮೇಣ ಪದವೀಧರರೇ ಪೇದೆಗಳಾಗಿ ಬರತೊಡಗಿದರು. ಶರೀರಕ್ರಿಯಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಜಾನ್ ಲಾರ್ಸನ್ ಅಂಥವರಲ್ಲೊಬ್ಬನು. 1921ರಲ್ಲಿ ವಿದ್ಯಾರ್ಥಿನಿಯರ ವಸತಿಗೃಹವೊಂದರಲ್ಲಿ ಒಡವೆ, ಹಣ ಕಳುವಾದಾಗ, ಆತ ಒಬ್ಬೊಬ್ಬರನ್ನೇ ಕರೆದು, ತೋಳಿಗೆ ಪಟ್ಟಿ ಸುತ್ತಿ, ಎದೆಗೆ ಕೊಳವೆ ಬಿಗಿದು ಪ್ರಶ್ನಿಸುತ್ತಿದ್ದಂತೆ, ಮಸಿ ಹಿಡಿಸಿದ ಕಾಗದದ ಮೇಲೆ ಸೂಜಿಗಳು ಅವರ ಉಸಿರಿನ ಮತ್ತು ರಕ್ತದ ಒತ್ತಡದ ಏರಿಳಿತಗಳನ್ನು ಬಿಳಿಯ ಗೆರೆಗಳಾಗಿ ಕೊರೆಯುತ್ತ ಸಾಗಿದುವು. ಸುಳ್ಳನ್ನು ಪತ್ತೆಹಚ್ಚುವ ಯಂತ್ರವೆಂದು ಜಗತ್ತು ಅದನ್ನು ಕೊಂಡಾಡಿತು. ಆದರೆ ಅದರ ದುರುಪಯೋಗವನ್ನು ಕಂಡು ಮುಂದೆ ಮನಸಾರೆ ಮರುಗಿದವನೂ ಲಾರ್ಸನ್ನನೇ. ತಾನು ನಿರ್ಮಿಸಿದ್ದನ್ನೇ ಸಂಶಯಿಸುವ ಈ ಧೈರ್ಯವನ್ನು ನಾನು ಆ ಯಂತ್ರಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

1950ರಲ್ಲಿ ಅಪರಾಧಶಾಸ್ತ್ರ ಶಾಲೆಯು ವಿಧಿವತ್ತಾಗಿ ಸ್ಥಾಪಿತವಾಯಿತು. ಅದರ ಮುಖ್ಯಸ್ಥನಾದ ಓ. ಡಬ್ಲ್ಯು. ವಿಲ್ಸನ್, ವಿದ್ಯಾರ್ಥಿಯಾಗಿದ್ದಾಗಲೇ ವೋಲ್ಮರನ ಪೇದೆಯಾಗಿ ದುಡಿದವನು. 1960ರಲ್ಲಿ ಷಿಕಾಗೊ ನಗರದ ಪೋಲೀಸಿನ ಅಧಿಪತಿಯಾದನು. ಶಾಲೆಯಲ್ಲಿ ಜೀವರಸಾಯನಜ್ಞ ಪಾಲ್ ಕರ್ಕ್, ರಕ್ತದ ಕಲೆ, ಕೂದಲು, ನೂಲಿನ ಎಳೆಗಳಿಂದ ಸತ್ಯವನ್ನು ಹೊರಡಿಸುವುದನ್ನು ಕಲಿಸಿದನು. ಅವನ ಶಿಷ್ಯರು ಪ್ರಯೋಗಾಲಯಗಳನ್ನು ಸೇರಿದರು.

ಅನಂತರ, ವಿಯೆಟ್ನಾಂ ಯುದ್ಧದ ಪ್ರಕ್ಷುಬ್ಧ ವರ್ಷಗಳಲ್ಲಿ, ಶಾಲೆಯ ಕೆಲವು ಅಧ್ಯಾಪಕರೂ ವಿದ್ಯಾರ್ಥಿಗಳೂ ಕಳ್ಳನನ್ನು ಬಿಟ್ಟು ಕಾವಲುಗಾರನನ್ನೇ ಪರೀಕ್ಷಿಸತೊಡಗಿದರು: ದಂಡನೆ ಯಾರ ಮೇಲೆ ಬೀಳುತ್ತದೆ, ಕಾನೂನು ಯಾರ ಹಿತವನ್ನು ಕಾಯುತ್ತದೆ? ಲಾರ್ಸನ್ ತನ್ನ ಯಂತ್ರದ ವಿಷಯದಲ್ಲಿ ತೋರಿದ ಸಂಶಯವೇ ಈಗ ಇಡೀ ವ್ಯವಸ್ಥೆಯ ಕಡೆಗೆ ತಿರುಗಿತ್ತು. ಆ ಪ್ರಶ್ನೆಗಳೆಲ್ಲವೂ ಸಮತೂಕದವಾಗಿದ್ದುವೆಂದು ನಾನು ಹೇಳಲಾರೆ. ಆದರೂ ಅವನ್ನು ಕೇಳುವುದಕ್ಕೆ ವಿಶ್ವವಿದ್ಯಾನಿಲಯಕ್ಕಿಂತ ತಕ್ಕ ಸ್ಥಳವಾವುದು? ಆದರೆ ಶಾಲೆಯನ್ನು ಮುಚ್ಚುವ ನಿರ್ಧಾರವಾಯಿತು. ವಿದ್ಯಾರ್ಥಿಗಳು ಪ್ರತಿಭಟಿಸಿದರು, ಫಲವಾಗಲಿಲ್ಲ. 1976ರಲ್ಲಿ ಶಾಲೆಯ ಬಾಗಿಲು ಮುಚ್ಚಿತು, ಮತ್ತೆ ತೆರೆಯಲಿಲ್ಲ.