ನಿನ್ ಮನೆ ಯಾವ್ದೋ?

ಹೋದ ವಾರ ಊರಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಬೆಂಗಳೂರಿನ ಒಂದು ತಂಡ ಹಾಡುನಾಟಕಕ್ಕೆ ಆಡಿಷನ್ ಕರೆದಿದೆಯಂತೆ. "ಅಣ್ಣ, ಬರ್ಲಾ ಬೇಡ್ವಾ? ಬರೋರೆಲ್ಲ ಸಂಗೀತ ಕಲ್ತೋರಂತೆ" ಅಂದ. ಕಾಫಿ ಕೊಯ್ಲಿನ ಹೊತ್ತಲ್ಲಿ ಆಳು ಸಿಗಲ್ಲ, ಇವನು ನಾಟಕ ಅಂತ ಹೊರಟ್ರೆ ಹೆಂಗೆ ಅಂತ ಚಿಕ್ಕಪ್ಪನ ಗೊಣಗಾಟ ಬೇರೆ. ಕೋಡ್ ಬರೆಯೋ ನಾನು ಏನು ಹೇಳಲಿ? ನೆನಪಾಗಿದ್ದು ನಮ್ಮೂರ ಹಾರ್ಮೋನಿಯಂ ಮೇಷ್ಟ್ರು.

ಆಲೂರು, ಸಕಲೇಶಪುರದ ಮಧ್ಯೆ ನಮ್ಮೂರು. ನಮ್ಮ ಕಡೆ 'ಕುರುಕ್ಷೇತ್ರ' ಆಡಬೇಕಂದ್ರೆ ಪಾತ್ರಕ್ಕೆ ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣನಿಗೆ ರೇಟು ಜಾಸ್ತಿ. ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಅಪ್ಪ ಮೆಣಸು ಮಾರಿದ ದುಡ್ಡಲ್ಲಿ ಅಭಿಮನ್ಯು ಪಾತ್ರ ಹಿಡಿದಿದ್ರು. ದುಡ್ಡು ಕಟ್ಟಿದ್ರೂ ಮೇಷ್ಟ್ರು ಬಿಡಲಿಲ್ಲ. ಪೆಟ್ಟಿಗೆ ಮುಂದೆ ನಿಲ್ಲಿಸಿ, "ನಿನ್ ಮನೆ ಯಾವ್ದೋ?" ಅಂದ್ರು. "ಕೆರೆ ಏರಿ ಪಕ್ಕ" ಅಂದೆ. ಇಡೀ ತಾಲೀಮು ನಕ್ಕಿತು. ಅವರು ಕೇಳಿದ್ದು ಶ್ರುತಿಯ ಮನೆ. ಕ್ಯಾಸೆಟ್ಟಿನ ಗಾಯಕರ ಎತ್ತರಕ್ಕೆ ಹಾಡೋಕೆ ಹೋಗಿ ನನ್ನ ದನಿ ಒಡೆಯಿತು. ಮೇಷ್ಟ್ರು ಒಂದೊಂದೇ ಮನೆ ಕೆಳಗಿಳಿಸುತ್ತಾ ಬಂದು, ಒಂದು ಕಡೆ ನಿಂತರು. "ಇದು ನಿನ್ ಮನೆ. ಇಲ್ಲಿಂದ ಹೊರಡು, ಊರೆಲ್ಲ ಸುತ್ತು, ಇಲ್ಲಿಗೇ ವಾಪಸ್ ಬಾ."

ಈ ಪರೀಕ್ಷೆ ಕಂಪನಿ ನಾಟಕಗಳಿಂದ ಬಂದದ್ದು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದಾಗ ಮೈಕ್ ಎಲ್ಲಿತ್ತು? ಕೊನೇ ಸಾಲಲ್ಲಿ ಕೂತವನಿಗೂ ಬರೀ ಗಂಟಲಿಂದಲೇ ಮುಟ್ಟಿಸಬೇಕು. ಹಾಗಾಗಿ ಹಾಡುವ ಶ್ರುತಿಯೂ ಎತ್ತರ. ಎ.ವಿ. ವರದಾಚಾರ್ಯರ (1869–1926) ಹಾಡು ಕೇಳೋಕಂತಲೇ ಜನ ಬರುತ್ತಿದ್ದರು. ಹಾಡು ಹಿಡಿಸಿದರೆ ನಾಟಕ ಅಲ್ಲೇ ನಿಲ್ಲಬೇಕು, 'ಒನ್ಸ್ ಮೋರ್' ಆಗಲೇಬೇಕು. ಹೆಣ್ಣು ಪಾತ್ರ ಮಾಡ್ತಿದ್ದ ಹುಡುಗರ ಗತಿ ಇನ್ನೂ ಕಷ್ಟ. ಮೀಸೆ ಬರೋ ವಯಸ್ಸಿಗೆ ದನಿ ಒಡೆದರೆ ಪಾತ್ರವೂ ಹೋಯ್ತು.

ಆದರೆ ಕಂಪನಿಯಲ್ಲಿ ಕಲಿಕೆ ಶುರುವಾಗ್ತಿದ್ದದ್ದೇ ಸೇರಿದ ಮೇಲೆ. ಊಟ, ವಸತಿ, ತಾಲೀಮು ಎಲ್ಲ ಅಲ್ಲೇ. ಸೈಡ್ ವಿಂಗಿನಲ್ಲಿ ನಿಂತು ರಾತ್ರಿಯೆಲ್ಲ ಕೇಳಿ ಕೇಳಿಯೇ ಹಾಡು ಮೈಗೆ ಹತ್ತಬೇಕು. ಅಪ್ಪನ ಜೊತೆ ಸಣ್ಣ ಹುಡುಗನಾಗಿ ಗುಬ್ಬಿ ಕಂಪನಿ ಸೇರಿದ ಮುತ್ತುರಾಜ ಓದಿದ್ದು ಪ್ರೈಮರಿ ಮಟ್ಟ. ಅದೇ ದನಿ 1974ರ 'ಸಂಪತ್ತಿಗೆ ಸವಾಲ್'ನಿಂದ ನಮ್ಮೆಲ್ಲರ ಮನೆ ರೇಡಿಯೋದಲ್ಲಿ ಕೂತಿತು: ಡಾ. ರಾಜ್‌ಕುಮಾರ್. ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತರೂ ಇದೇ ಕಂಪನಿಯ ಹುಡುಗ. ಮುಂದೆ ಓದಲಿ ಅಂತ ಅವರನ್ನು ಕಾಶಿಗೆ ಕಳಿಸಿದ್ದು ಗುಬ್ಬಿ ವೀರಣ್ಣನವರೇ. ಆ ಹುಡುಗ ರಂಗಗೀತೆಯ ದಿಕ್ಕನ್ನೇ ಬದಲಿಸಿದ, 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಮೊದಲ ನಿರ್ದೇಶಕನಾದ. ಮೊದಲ ದಿನದ ಪರೀಕ್ಷೆಯಲ್ಲಿ ಇದೆಲ್ಲ ಯಾರಿಗೆ ಕಾಣುತ್ತೆ?

ಇವತ್ತಿನ ಆಡಿಷನ್ನಿಗೆ ಅಷ್ಟು ತಾಳ್ಮೆ ಇಲ್ಲ, ನಮ್ಮ ಇಂಟರ್‌ವ್ಯೂ ಥರಾನೇ. ಕಂಪನಿ ವರ್ಷಗಟ್ಟಲೆ ಕಲಿಸ್ತಿದ್ದದ್ದನ್ನ ನಾವೇ ಕಲಿತು ಹೊತ್ಕೊಂಡು ಹೋಗಬೇಕು. ಅದಕ್ಕೇ ತಮ್ಮನಿಗೆ ಹೇಳಿದೆ: "ಮೊದಲು ಮೇಷ್ಟ್ರ ಹತ್ರ ಹೋಗಿ ನಿನ್ನ ಮನೆ ಗೊತ್ತುಮಾಡ್ಕೊ. ಪೆಟ್ಟಿಗೆ ನುಡಿಸೋರಿಗೆ ಅದನ್ನ ಮುಂಚೇನೇ ಹೇಳು. ಈಗ ಮೈಕ್ ಇದೆ, ಕಿರುಚೋದು ಬೇಡ. ಮಾತಿಂದ ಹಾಡಿಗೆ ದಾಟೋದನ್ನ ಅಭ್ಯಾಸ ಮಾಡು, ಅಲ್ಲೇ ಎಲ್ಲರೂ ಮುಗ್ಗರಿಸೋದು. ಸಾಲು ಮರೆತ್ರೆ ತಾಳ ಬಿಡಬೇಡ. ತಗೊಳ್ಳದಿದ್ರೆ ನಿನ್ನ ದನಿ ಕೆಟ್ಟದು ಅಂತಲ್ಲ, ಆ ನಾಟಕಕ್ಕೆ ಬೇರೆ ಮನೆ ಬೇಕಿತ್ತು ಅಷ್ಟೇ."

ನನ್ನ ಅಭಿಮನ್ಯುವಿಗೆ ಅವತ್ತು ಒನ್ಸ್ ಮೋರ್ ಬರಲಿಲ್ಲ. ದನಿ ಮಾತ್ರ ಒಡೀಲಿಲ್ಲ. ಕೆಳಗೆ ಕೂತಿದ್ದ ಅಪ್ಪನಿಗೆ ಮೆಣಸಿನ ದುಡ್ಡು ಅಷ್ಟರಲ್ಲೇ ವಾಪಸ್ ಬಂದಿತ್ತು.

ನಿನ್ನೆ ರಾತ್ರಿ ತಮ್ಮನ ಮೆಸೇಜ್ ಬಂತು: "ಅಣ್ಣ, ನಂದು ಒಂದೂವರೆ ಮನೆಯಂತೆ. ಶುಕ್ರವಾರದ ಬಸ್ಸಿಗೆ ಬರ್ತೀನಿ."